ಹಿಮ್ಮುಖವಾಗಿ ನಡೆದ ಕಾಗದದ ರಾಜ

ರಟ್ಟಕ್ಕನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಗ್ರಂಥಾಲಯದಲ್ಲಿ. ಹರಿದ ಪುಸ್ತಕಗಳಿಗೆ ರಟ್ಟು ಹಾಕಿಕೊಡಲು ಬಂದಿದ್ದಳು. ನೆಲದ ಮೇಲೆ ಕುಳಿತು, ಬಾಯಲ್ಲಿ ದಾರ ಕಚ್ಚಿಕೊಂಡು, ದಪ್ಪ ನಿಘಂಟೊಂದರ ಬೆನ್ನಿಗೆ ಅಂಟು ಸವರುತ್ತಿದ್ದಳು. "ಸ್ವಲ್ಪ ಬೇಗ ಆಗಬಹುದೇನಮ್ಮಾ?" ಎಂದೆ. ದಾರವನ್ನು ಬಾಯಿಂದ ತೆಗೆದು, "ಅಂಟಿಗೆ ನೀವೇ ಒಂದ್ಮಾತು ಹೇಳಿ ನೋಡಿ ಮೇಷ್ಟ್ರೇ, ನನ್ನ ಮಾತು ಅದು ಕೇಳಲ್ಲ" ಎಂದಳು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಆಕೆಯ ಬೈಂಡಿಂಗ್ ಅಂಗಡಿ ನಾನಿದ್ದ ಕಟ್ಟಡದ ಕೆಳಮಹಡಿಯಲ್ಲೇ ಇದೆಯೆಂದು ಆಮೇಲೆ ತಿಳಿಯಿತು. ಮಿಕ್ಕ ರಟ್ಟಿನ ಚೂರುಗಳನ್ನು ಆಕೆ ಎಸೆಯುತ್ತಿರಲಿಲ್ಲ. ಅವುಗಳಲ್ಲಿ ಗೊಂಬೆ ಕತ್ತರಿಸಿ, ಬಣ್ಣ ಹಚ್ಚಿ, ಬುಡಕ್ಕೆ ಉದ್ದನೆಯ ಪಟ್ಟಿ ಅಂಟಿಸುತ್ತಿದ್ದಳು. ಸೂಟ್‌ಕೇಸಿನಷ್ಟು ದೊಡ್ಡ ರಂಗಮಂಟಪ. ಪಟ್ಟಿ ತಳ್ಳಿದರೆ ಗೊಂಬೆ ಒಳಗೆ, ಎಳೆದರೆ ಹೊರಗೆ. ತಿಂಗಳಿಗೊಂದು ಸಂಜೆ ಕಟ್ಟಡದವರೆಲ್ಲ ಕೆಳಗಿನ ಸಾಮೂಹಿಕ ಕೋಣೆಯಲ್ಲಿ ಸೇರುತ್ತಿದ್ದರು. ಮೊದಲು ಕಟ್ಟಡದಲ್ಲೇ ಇದ್ದ ದರ್ಜಿಯ ಕೈಗೊಂಬೆಗಳು: ಎರಡು ಹಳೆಯ ಕಾಲುಚೀಲಗಳು ಗಂಡಹೆಂಡಿರಾಗಿ ಜಗಳವಾಡುತ್ತಿದ್ದವು. ಕೊನೆಗೆ ರಟ್ಟಕ್ಕನ ಕಾಗದದ ನಾಟಕ. ಅದರಲ್ಲಿ ಬರುವ ಮುದುಕಿಯರಿಗೆಲ್ಲ ಆಕೆಯ ಅತ್ತೆಯದೇ ಕಂಠ. ಆ ಅತ್ತೆಗೆ ನಾಟಕಕ್ಕೂ ಮನೆಗೂ ಬೇರೆ ಬೇರೆ ದನಿಯೇನೂ ಇರಲಿಲ್ಲ.

ಕಾಗದದ ಗೊಂಬೆ ತಿರುಗಲಾರದು. ಆದ್ದರಿಂದ ಒಂದೊಂದು ಪಾತ್ರಕ್ಕೂ ಎರಡು ಗೊಂಬೆ ಬೇಕು: ಬರುವಾಗ ಈ ಕಡೆ ಮುಖವಿರುವುದು, ಹೋಗುವಾಗ ಆ ಕಡೆ ಮುಖವಿರುವುದು. ಹೊಸ ಆಟಕ್ಕೆ ರಾಜನನ್ನು ಮಾಡುವಾಗ ರಟ್ಟಕ್ಕ ಎರಡನೆಯದನ್ನು ಮರೆತಳು. ಮುದುಕಿಯ ಗುಡಿಸಲನ್ನು ಖಾಲಿ ಮಾಡಿಸಲು ರಾಜ ಬರುತ್ತಾನೆ, ಆಕೆ ಬಾಗಿಲು ತೆಗೆಯುವುದಿಲ್ಲ, ರಾಜ ಹೋಗಬೇಕು. ಬೇರೆ ದಾರಿಯಿಲ್ಲದೆ ರಟ್ಟಕ್ಕ ಪಟ್ಟಿಯನ್ನು ಹಿಂದಕ್ಕೆ ಎಳೆದಳು. ಮೂಗು ಬಾಗಿಲ ಕಡೆಗೇ ಇಟ್ಟುಕೊಂಡು ರಾಜ ಹಿಮ್ಮುಖವಾಗಿ ಸರಿಯತೊಡಗಿದ. "ನಿಧಾನ ಮಹಾಪ್ರಭು, ಹಿಂದೆ ಚರಂಡಿ ಇದೆ" ಎಂದರು ಅತ್ತೆ, ಮುದುಕಿಯ ಕಂಠದಲ್ಲಿ. ಕೋಣೆಯೇ ಬಿದ್ದು ಬಿದ್ದು ನಕ್ಕಿತು.

ನಗದೆ ಇದ್ದವರು ಕಟ್ಟಡದ ಸಂಘದ ಅಧ್ಯಕ್ಷರೊಬ್ಬರೇ. ಆ ಕೋಣೆಯನ್ನು ಬಿಟ್ಟುಕೊಡಿ, ನನ್ನ ಗೋದಾಮಿಗೆ ಬೇಕು ಎಂದು ಅವರು ಕೆಲವು ದಿನಗಳಿಂದ ಮನೆಮನೆಗೆ ಹೋಗಿ ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮರುದಿನ ನನ್ನನ್ನು ಕರೆಸಿ, ದಪ್ಪ ಮೀಸೆ ತೀಡುತ್ತ ಹೇಳಿದರು:

"ನೀವು ಹೇಳಿದ್ರೆ ಕೇಳ್ತಾಳೆ ಮೇಷ್ಟ್ರೇ. ಆಟ ಆಡಲಿ, ನಾನು ಬೇಡ ಅನ್ನಲ್ಲ. ರಾಜ ಮಾತ್ರ ತಿರುಗಿ ನೆಟ್ಟಗೆ ನಡ್ಕೊಂಡು ಹೋಗ್ಲಿ. ಇಲ್ಲಾಂದ್ರೆ ಕೋಣೆಗೆ ಬೀಗ."

ರಾಯಭಾರ ಹೊತ್ತು ಅಂಗಡಿಗೆ ಹೋದೆ. "ಇನ್ನೊಬ್ಬ ರಾಜನ್ನ ಕತ್ತರಿಸೋದು ನಿನಗೇನು ಕಷ್ಟ?" ಎಂದೆ.

"ಕಷ್ಟ ಏನಿಲ್ಲ. ಮರೆತದ್ದು ನಾನೇ. ಅವರು ಕೇಳದೇ ಇದ್ದಿದ್ರೆ ಇವತ್ತೇ ಕತ್ತರಿಸ್ತಿದ್ದೆ. ಈಗ ಕತ್ತರಿಸಲ್ಲ."

"ಕೋಣೆ ಹೋದ್ರೆ ಆಟವೇ ನಿಂತುಹೋಗುತ್ತಲ್ಲಮ್ಮಾ?"

ಒಳಗಿನಿಂದ ಅತ್ತೆ ಉತ್ತರಿಸಿದರು: "ನನ್ನ ಮಾತನ್ನೇ ಒಂದು ದಿನವೂ ಕೇಳದ ಸೊಸೆ, ಅಧ್ಯಕ್ಷರ ಮಾತು ಕೇಳಿಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಮುಂದಿನ ಆಟದ ಸಂಜೆ ಕೋಣೆಗೆ ಬೀಗ ಬಿದ್ದಿತ್ತು. ರಟ್ಟಕ್ಕ ರಂಗಮಂಟಪ ಇಡುವ ಮೇಜನ್ನು ಎತ್ತಿಸಿ, ಮೆಟ್ಟಿಲುಗಳ ತಿರುವಿನಲ್ಲಿ ಇಡಿಸಿದಳು. ಕೆಳಗಿನ ಮೆಟ್ಟಿಲುಗಳ ಮೇಲೆ ಜನ ಒತ್ತಾಗಿ ಕುಳಿತರು. ಕಾಲುಚೀಲಗಳ ಜಗಳ ಮುಗಿದು, ರಾಜ ಗುಡಿಸಲ ಬಾಗಿಲು ತಟ್ಟುವ ಹೊತ್ತಿಗೆ ಮೇಲಿನಿಂದ ಅಧ್ಯಕ್ಷರು ಇಳಿದು ಬಂದರು. ಮೇಜು ದಾರಿಗೆ ಅಡ್ಡವಾಗಿತ್ತು.

"ದಾರಿ ಬಿಡಿ" ಎಂದರು.

ರಟ್ಟಕ್ಕನ ಎರಡು ಕೈಗಳೂ ಪಟ್ಟಿಗಳ ಮೇಲಿದ್ದವು. ತಲೆಯನ್ನೂ ತಿರುಗಿಸದೆ, "ಕೈ ಬಿಟ್ರೆ ರಾಜ ಬಿದ್ದೋಗ್ತಾನೆ ಸಾರ್. ಸ್ವಲ್ಪ ನಿಂತಿರಿ" ಎಂದಳು.

"ಕಾಲು ನೋವಾದ್ರೆ ಕೂತ್ಕೊಳ್ಳಿ" ಎಂದರು ಅತ್ತೆ. "ಮೆಟ್ಟಿಲು ಎಲ್ರದ್ದೂ."

ರಟ್ಟಕ್ಕ ಪಟ್ಟಿ ಎಳೆದಳು. ರಾಜ ಹಿಮ್ಮುಖವಾಗಿ ಸರಿದ. ಚರಂಡಿಯ ಮಾತನ್ನು ಈ ಸಲ ಅತ್ತೆಯೊಬ್ಬರೇ ಹೇಳಲಿಲ್ಲ, ಮೆಟ್ಟಿಲುಗಳೆಲ್ಲ ಒಟ್ಟಿಗೆ ಹೇಳಿದವು. ಅಧ್ಯಕ್ಷರು ನಿಂತಲ್ಲಿಗೆ ಗೊಂಬೆಗಳ ಹಿಂಬದಿಯ, ಬಣ್ಣವಿಲ್ಲದ ಬರಿಯ ರಟ್ಟು ಮಾತ್ರ ಕಾಣುತ್ತಿತ್ತು. ಅದರಾಚೆಗೆ ನಗುವ ಮುಖಗಳು. ಆಟ ಮುಗಿಯುವವರೆಗೆ ಅವರು ಹತ್ತಲೂ ಇಲ್ಲ, ಇಳಿಯಲೂ ಇಲ್ಲ.

ಆಮೇಲೆ ಕಾವಲುಗಾರನ ಕೈಯಲ್ಲಿ ಬೀಗದ ಕೈ ಕಳಿಸಿದರು. ಕೋಣೆ ಬಳಸಿಕೊಳ್ಳಲಿ, ಆದರೆ ರಾಜನ ವಿಷಯ ಯೋಚಿಸಲಿ ಎಂದು ಜೊತೆಗೊಂದು ಮಾತು. ರಟ್ಟಕ್ಕ ಬೀಗದ ಕೈಯನ್ನೂ ಮಾತನ್ನೂ ಅದೇ ಕಾವಲುಗಾರನ ಕೈಯಲ್ಲಿ ಹಿಂದಕ್ಕೆ ಕಳಿಸಿದಳು. ಕೋಣೆ ಗೋದಾಮಾಯಿತು. ನನಗೆ ಬೇಸರವಾಗಿತ್ತು. "ಮೆಟ್ಟಿಲಿಗೆ ಬಾಗಿಲೇ ಇಲ್ವಲ್ಲ ಮೇಷ್ಟ್ರೇ, ಬೀಗ ಎಲ್ಲಿಗೆ ಹಾಕ್ತಾರೆ?" ಎಂದಳು.

ಈಗ ಆಕೆಯ ಕಣ್ಣು ಸ್ವಲ್ಪ ಮಂದವಾಗಿದೆ. ಬೈಂಡಿಂಗ್ ಕೆಲಸ ಬೆಳಗಿನ ಹೊತ್ತು ಮಾತ್ರ. ಸಂಜೆ ಕರೆದವರ ಕಟ್ಟಡಗಳಿಗೆ ಹೋಗಿ ಮೆಟ್ಟಿಲ ಮೇಲೆ ಆಟ ಆಡುತ್ತಾಳೆ. ಅತ್ತೆಯನ್ನು ದರ್ಜಿಯೂ ಕಾವಲುಗಾರನೂ ಕುರ್ಚಿ ಸಮೇತ ಹೊತ್ತೊಯ್ಯುತ್ತಾರೆ, ದಾರಿಯುದ್ದಕ್ಕೂ ಬೈಸಿಕೊಳ್ಳುತ್ತಾರೆ. ಸದ್ಯಕ್ಕೆ ಹೊಸ ಆಟವೊಂದು ತಯಾರಾಗುತ್ತಿದೆ. ಅದರಲ್ಲಿ ರಾಜನಿಲ್ಲ, ಗೋದಾಮು ಕಾಯುವ ಒಂದು ಇಲಿ ಇದೆ. ಸುದ್ದಿ ಅಧ್ಯಕ್ಷರಿಗೂ ಮುಟ್ಟಿದೆ. ಇಲಿಗೆ ಮೀಸೆ ಇದೆಯೇ ಎಂದು ವಿಚಾರಿಸಲು ಮೊನ್ನೆ ನನ್ನನ್ನೇ ಕಳಿಸಿದರು.

"ಮೀಸೆ ಇಲ್ಲದ ಇಲೀನ ಎಲ್ಲಾದ್ರೂ ನೋಡಿದ್ದೀರಾ ಮೇಷ್ಟ್ರೇ?" ಎಂದು ಕೇಳಿ, ರಟ್ಟಕ್ಕ ಮತ್ತೆ ಕತ್ತರಿ ಆಡಿಸತೊಡಗಿದಳು.