ಬೇಸಿಗೆಯ ಬಿಳಿ ವೈನೂ ಒದ್ದೆ ಗೋಣಿಯೂ

ಇಲ್ಲಿ ಕುಡಿಯುವವರು ನುಂಗುವುದಿಲ್ಲ, ಉಗುಳುತ್ತಾರೆ. ನಾಸಿಕಕ್ಕೆ ಬಂದ ಮರುದಿನವೇ ಇದನ್ನು ನೋಡಿದೆ. ಇಸ್ತ್ರಿ ಅಂಗಿಯ ಗಂಡಸರು, ತುಟಿಗೆ ಬಣ್ಣ ಹಚ್ಚಿದ ಹೆಂಗಸರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಗಲ್ಲದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಾಡಿಸಿ, ಮೇಜಿನ ಮೇಲಿನ ಹೊಳೆಯುವ ಡಬರಿಗೆ ಪಿಚಕ್ ಅಂತ ಉಗುಳಿದರು. ಯಾರೂ ಯಾರಿಗೂ ಬೈಯಲಿಲ್ಲ. ಸವಣೂರಿನಲ್ಲಿ ಜೀವಮಾನವಿಡೀ ಎಲೆ ಅಡಿಕೆ ಜಗಿದು ಉಗುಳಿ, ಅದಕ್ಕೆ ಮಗಳಿಂದ ಬೈಸಿಕೊಂಡವಳು ನಾನು. ಇಲ್ಲಿ ಅದೇ ಮಗಳು ಆ ಡಬರಿ ಹಿಡಿದು ನಿಂತಿದ್ದಳು.

ಮಗಳು ರೇಣುಕಾ. ಗಂಡ ಬಿಟ್ಟು ಹೋದ ಮೇಲೆ ಹುಬ್ಬಳ್ಳಿಯ ಹೋಟೆಲಿನಲ್ಲಿ ಬಡಿಸುವ ಕೆಲಸ ಕಲಿತಳು. ಅಲ್ಲಿಂದ ಇಲ್ಲಿಗೆ ಬಂದಳು. ಊರಾಚೆ ದ್ರಾಕ್ಷಿ ಹೊಲಗಳ ನಡುವೆ ದೊಡ್ಡ ಹೋಟೆಲು. ಯಾವ ಊಟಕ್ಕೆ ಯಾವ ವೈನು, ಯಾವ ಹಂಗಾಮಿಗೆ ಯಾವುದು ಅಂತ ಮೂಸಿ, ರುಚಿ ನೋಡಿ ಆರಿಸುವುದು ಅವಳ ಕೆಲಸ. ವೈನು ಅಂದರೆ ದ್ರಾಕ್ಷಿಯ ಹೆಂಡ, ಬೇರೇನಲ್ಲ. ನನ್ನ ಮೊಣಕಾಲು ಕೆಟ್ಟು, ತೋಟದಲ್ಲಿ ಕುಂತು ಎಲೆ ಆರಿಸುವುದು ಆಗದೆ ಹೋದಾಗ ಅವಳು ನನ್ನನ್ನು ಕರೆದುಕೊಂಡು ಬಂದಳು. ಹೋಟೆಲಿನ ಹಿಂದುಗಡೆ ಕೆಲಸದವರಿಗೆ ಕೋಣೆಗಳಿವೆ. ಕೆಲಸ ಇರುವತನಕ ಕೋಣೆ.

ನಮ್ಮ ಎಲೆಬಳ್ಳಿ ನೆರಳು ಬೇಡುತ್ತದೆ. ಮರಕ್ಕೆ ಹಬ್ಬಿಸಬೇಕು, ಬುಡ ಯಾವಾಗಲೂ ತಂಪಿರಬೇಕು, ಚಪ್ಪಲಿ ಹೊರಗೆ ಬಿಟ್ಟು ತೋಟಕ್ಕೆ ಕಾಲಿಡಬೇಕು. ಇಲ್ಲಿಯ ಬಳ್ಳಿಯನ್ನು ತಂತಿಗೆ ಕಟ್ಟಿ ಬಿಸಿಲಿಗೆ ನಿಲ್ಲಿಸುತ್ತಾರೆ. ಬೂಟು ಹಾಕಿಕೊಂಡು ನಡುವೆ ಓಡಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಮೊದಲು ನಾನೊಬ್ಬಳೇ ಬರಿಗಾಲಲ್ಲಿ ಹೋಗುತ್ತಿದ್ದೆ. ಅಂಗಾಲು ಸುಟ್ಟಿತು. ಬಿಟ್ಟುಬಿಟ್ಟೆ.

ಅಡುಗೆಮನೆಯ ಹೆಂಗಸರು ನನ್ನನ್ನು ‘ಆಜಿ’ ಅನ್ನುತ್ತಾರೆ. ಮರಾಠಿಯಲ್ಲಿ ಅಜ್ಜಿ ಅಂತ. ಅಷ್ಟು ಬಿಟ್ಟರೆ ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ಬೇಕಿಲ್ಲ. ಅವರ ಚಿವಡಾ ತಿಂದೆ, ಸವಣೂರು ಖಾರಾ ತಿಂದ ಬಾಯಿಗೆ ಅದು ಏನೂ ಅನಿಸಲಿಲ್ಲ. ವೀಳ್ಯದೆಲೆಗೆ ‘ನಾಗವೇಲಿಚೆ ಪಾನ’ ಅನ್ನುತ್ತಾರೆ. ಹೆಸರು ಉದ್ದ, ಎಲೆ ದಪ್ಪ, ಚರ್ಮ ಜಗಿದಂತೆ. ಹಂಗಾಗಿ ಸವಣೂರಿನ ಖೈರೂನಬಿ ಬಸ್ಸಿನವರ ಕೈಯಲ್ಲಿ ಆಗೊಮ್ಮೆ ಈಗೊಮ್ಮೆ ಎಲೆ ಕಳಿಸುತ್ತಿದ್ದಳು. ಅವಳದು ಎಲೆ ವ್ಯಾಪಾರದ ಮನೆ. ನಾನು ಅವರ ತೋಟದಲ್ಲೇ ಮುದುಕಿಯಾದವಳು. ಎಲೆಯ ಕಟ್ಟುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ನೀರು ಚಿಮುಕಿಸಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಗೋಣಿಯಿಂದ ಹಸಿ ಮುಗ್ಗು ವಾಸನೆ ಬಂತೆಂದರೆ ಎಲೆ ಬಾಡಿಲ್ಲ ಅಂತ ಅರ್ಥ. ಹಾನಗಲ್ ಸಂತೆಯಲ್ಲಿ ಎಲೆ ಕೊಳ್ಳುವವರು ಮೊದಲು ಗೋಣಿ ಮೂಸುತ್ತಾರೆ, ಆಮೇಲೆ ಎಲೆ ನೋಡುತ್ತಾರೆ.

ಚಳಿಗಾಲದಲ್ಲಿ ರೇಣುಕಾಗೆ ಜ್ವರ ಬಂತು. ಜ್ವರ ಇಳಿಯಿತು, ಮೂಗು ಮಾತ್ರ ಸತ್ತೇ ಹೋಯಿತು. ಒಗ್ಗರಣೆ ಕರಕಾದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು, ತಿರುಗಿ ಬಂದರೆ ಬರಬಹುದು ಅಂದರಂತೆ. ಅವಳು ಹೋಟೆಲಿನಲ್ಲಿ ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಬಾಟಲಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೋಣೆಗೆ ಬಂದಳು.

“ಅವ್ವಾ, ಇದರ ವಾಸನಿ ನೋಡಬೇ.”

“ನನಗೇನ ತಿಳೀತೈತಿ? ನಾ ಎಲಿ ಮೂಸಾಕಿ.”

“ಹ್ಯಾಂಗ ಬರತೈತಿ ಅಷ್ಟ ಹೇಳ. ಉಳದದ್ದು ನಾ ನೋಡಕೋತೇನಿ.”

“ತಂಬಾಕ ತಿಂದ ಬಾಯಾಗ ರುಚಿ ಎಲ್ಲಿಂದ ಬರಬೇಕ?”

“ಹಂಗಾರ ತಂಬಾಕ ಬಿಡಬೇ. ಎಲಿ ಅಡಕಿ, ಸುಣ್ಣ ಎಲ್ಲಾ ಬಿಡ.”

ಅವಳ ಮುಖ ನೋಡಿದೆ. ಬೇಡುವ ಮುಖ ಅಲ್ಲ, ಹೆದರಿದ ಮುಖ. ಚಂಚಿಯನ್ನು, ಅಂದರೆ ನನ್ನ ಎಲೆ ಅಡಿಕೆ ಚೀಲವನ್ನು, ಟ್ರಂಕಿನ ತಳಕ್ಕೆ ಹಾಕಿದೆ. ಖೈರೂನಬಿಗೆ ಫೋನು ಮಾಡಿ ಎಲೆ ಕಳಿಸಬೇಡ ಅಂದೆ.

“ಯಾಕ ಫಕ್ಕೀರವ್ವಕ್ಕಾ, ಅಲ್ಲಿ ಚಲೋ ಎಲಿ ಸಿಕ್ಕೂವೇನ?”

“ಇಲ್ಲ. ವೈನಿನ ರುಚಿ ನೋಡೂದೈತಿ.”

“ಯಾ ಅಲ್ಲಾ! ಮುದಕಿ ಆದಮ್ಯಾಲ ಕುಡ್ಯಾಕ ಕಲತಿ?”

“ಕುಡಿಯಂಗಿಲ್ಲ. ಉಗಳತೇನಿ.”

“ಉಗಳಾಕ ಅಷ್ಟ ದೂರ ಹೋಗಬೇಕಿತ್ತೇನ? ಇಲ್ಲೇ ನಮ್ಮ ಕಟ್ಟಿಮ್ಯಾಲ ಕುಂತ ಉಗಳತಿದ್ದಿ!”

ಅವಳು ನಕ್ಕಳು, ನಾನೂ ನಕ್ಕೆ. ಇಲ್ಲಿಗೆ ಬಂದ ಮೇಲೆ ಬಾಯಿ ತುಂಬ ನಕ್ಕಿದ್ದು ಅದೊಂದೇ ಸಲ ಅನಿಸುತ್ತದೆ.

ಎಲೆ ಬಿಟ್ಟ ಮೇಲೆ ಕೆಲವು ವಾರ ಬಾಯಿ ಖಾಲಿ ಮನೆಯಂತಾಯಿತು. ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಚಂಚಿ ಇರುತ್ತಿರಲಿಲ್ಲ. ಆದರೆ ನಾಲಿಗೆ ಮೆಲ್ಲಗೆ ಎದ್ದಿತು. ರೇಣುಕಾ ತಂದದ್ದನ್ನು ಮೂಸಿ, ಬಾಯಾಡಿಸಿ, ಬಕೆಟ್ಟಿಗೆ ಉಗುಳಿ, ತಿಳಿದದ್ದು ಹೇಳುತ್ತಿದ್ದೆ. ಅವಳು ಹೋಟೆಲಿನಲ್ಲಿ ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಒಮ್ಮೆ ಮ್ಯಾನೇಜರ್ ಸಾಹೇಬರು ಶಾಬಾಸ್ ಅಂದರಂತೆ. ಆ ದಿವಸ ನನಗೊಂದು ಪೇಢೆ ತಂದುಕೊಟ್ಟಳು.

ಬೇಸಿಗೆ ಬಂತು. ಇಲ್ಲಿಯ ಬಿಸಿಲು ನಮ್ಮ ಶಿಗ್ಗಾವಿ ಕಡೆಯ ಬಿಸಿಲಿಗಿಂತ ಬೇರೆ ಅಲ್ಲ, ಆದರೆ ನಾವು ಮಜ್ಜಿಗೆ ಕುಡಿಯುತ್ತೇವೆ, ಇವರು ಬಿಳಿ ವೈನು. ಹೆಸರಿಗೆ ಬಿಳಿ, ಬಣ್ಣ ತೆಳ್ಳಗಿನ ಗೋಮೂತ್ರದ್ದು. ಗಿರಾಕಿಗಳಿಗೆ ಎಲ್ಲರೂ ಕೇಳಿದ ಹೆಸರುಗಳು ಬೇಸರ ತಂದಿವೆ, ಯಾರೂ ಕೇಳಿರದ, ತಂಪೆನಿಸುವ ಒಂದು ಬಿಳಿ ವೈನು ಆರಿಸು, ಬೇಸಿಗೆ ಪೂರಾ ಅದನ್ನೇ ಕೊಡೋಣ ಅಂತ ಸಾಹೇಬರು ರೇಣುಕಾಗೆ ಹೇಳಿದರು. ಅವಳು ನಾಲ್ಕು ಬಾಟಲಿ ತಂದಳು. ಫ್ರಿಜ್ಜಿನಿಂದ ತೆಗೆದವು, ಮೈಮೇಲೆ ನೀರು ಮೂಡಿತ್ತು. ಪಿಕ್‌ಪೂಲ್ ಅಂತ ಒಂದು, ಗ್ರಿಲ್ಲೊ ಅಂತ ಒಂದು, ಅಸಿರ್ತಿಕೊ, ವರ್ಮೆಂಟಿನೊ. ಹೆಸರುಗಳನ್ನು ನಾನು ಆಮೇಲೆ ಬಾಯಿಪಾಠ ಮಾಡಿಕೊಂಡಿದ್ದೇನೆ. ಮರೆಯುವಂತಿಲ್ಲ.

“ಇದ ಹೆಂಗೈತಿ?” ಪಿಕ್‌ಪೂಲ್ ಕೊಟ್ಟಳು.

“ಹುಳೀ. ಲಿಂಬಿಕಾಯಿ ಕಚ್ಚಿದಂಗ. ಹಲ್ಲ ಜುಮ್ ಅಂದೂವ.”

“ಇದ?” ಗ್ರಿಲ್ಲೊ.

“ಮಾವಿನ ಹಣ್ಣ ತಿಂದಂಗ. ಚಲೋ ಐತಿ, ಆದ್ರ ಸಪ್ಪಗೈತಿ.”

ಅಸಿರ್ತಿಕೊ ಹತ್ತಿಮತ್ತೂರಿನ ಸವಳು ಬಾವಿಯ ನೀರಿನಂತಿತ್ತು. ಉಪ್ಪು, ಕಲ್ಲು. ಅದನ್ನೇ ಆರಿಸಬೇಕಿತ್ತು, ಈಗ ಹೇಳುತ್ತೇನೆ. ನಾಲ್ಕನೆಯದು ವರ್ಮೆಂಟಿನೊ. ಮೂಗಿನ ಹತ್ತಿರ ಒಯ್ದೆ. ಮೊದಲು ಕರಿಬೇವಿನಂಥ ಹಸಿರು. ಅದರ ಹಿಂದೆ, ತೀರ ಸಣ್ಣಗೆ, ಒದ್ದೆ ಗೋಣಿ. ನೀರು ಚಿಮುಕಿಸಿದ ಗೋಣಿ, ಒಳಗೆ ಬಾಡದ ಎಲೆ. ಕಣ್ಣು ಮುಚ್ಚಿದೆ. ಖೈರೂನಬಿಯ ಕಟ್ಟೆ, ಎಲೆ ಎಣಿಸುವ ಹೆಂಗಸರು, ಬಸ್ಸಿಗೆ ಕೂಗುವವರು, ಎಲ್ಲ ಬಂತು.

“ಇದ ತಾಜಾ ಐತಿ,” ಅಂದೆ.

“ಖರೇನ? ಕಸರ ಏನೂ ಇಲ್ಲಲ್ಲ?”

“ನಾ ಮೂಸೇನಿ. ಇದಕ್ಕಿಂತ ತಾಜಾ ಇಲ್ಲ.”

ಅವಳು ಅದನ್ನೇ ಆರಿಸಿದಳು. ಆ ವೈನು ಪೆಟ್ಟಿಗೆಗಟ್ಟಲೆ ಬಂತು. ಬೇಸಿಗೆಯ ಮೊದಲ ಊಟವನ್ನು ಹೊರಗೆ ಮಂಟಪ ಹಾಕಿ ಮಧ್ಯಾಹ್ನ ಇಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ಗ್ಲಾಸು ಒರೆಸುತ್ತಿದ್ದೆ, ಜನ ಹೆಚ್ಚಾದ ದಿನ ನನಗೆ ಆ ಕೆಲಸ ಕೊಡುತ್ತಾರೆ. ವೈನು ಗ್ಲಾಸಿಗೆ ಬಿದ್ದು, ಬಿಸಿಲಿಗೆ ಅದರ ಚಳಿ ಇಳಿಯಿತು. ಚಳಿ ಇಳಿದಂತೆ ವಾಸನೆ ಏರಿತು. ಒಬ್ಬ ಹೆಂಗಸು ಮೂಗಿನ ಹತ್ತಿರ ಒಯ್ದು ಗ್ಲಾಸು ದೂರ ಸರಿಸಿದಳು. ಪಕ್ಕದವನು ಮೂಸಿ, ‘ಓಲಂ ಗೋಣಪಾಟ’ ಅಂದ. ನನಗೆ ಮರಾಠಿ ಬಾರದು, ಆದರೆ ಅದು ತಿಳಿಯಿತು. ಒದ್ದೆ ಗೋಣಿ. ಇಡೀ ಮೇಜು ಗ್ಲಾಸು ಕೆಳಗಿಟ್ಟಿತು.

ಸಾಹೇಬರು ಬಂದರು, ಮೂಸಿದರು, ಮುಖ ಕೆಂಪಗಾಯಿತು. ಗ್ಲಾಸನ್ನು ರೇಣುಕಾಳ ಮೂಗಿನ ಕೆಳಗೆ ಹಿಡಿದು, ಹೇಗಿದೆ ಅಂತ ಹಿಂದಿಯಲ್ಲಿ ಕೇಳಿದರು. ಅವಳು ಮೂಸಿದಳು. ಬಾಗಿಲ ಕಡೆ ನನ್ನನ್ನು ನೋಡಿದಳು. “ತಾಜಾ ಹೈ, ಸರ್,” ಅಂದಳು. ಅಷ್ಟು ಸಾಕಾಯಿತು.

ಆ ವೈನಿನ ಬಿರಡೆಗಳೇ ಕೆಟ್ಟಿದ್ದವಂತೆ. ಬಿರಡೆ ಕೆಟ್ಟರೆ ವೈನಿಗೆ ಆ ವಾಸನೆ ಹತ್ತುತ್ತದೆ, ಇದನ್ನು ಹಿಡಿಯುವುದೇ ಈ ಕೆಲಸದ ಮೊದಲ ಪಾಠವಂತೆ. ರೇಣುಕಾಗೆ ಆ ಪಾಠ ಗೊತ್ತಿತ್ತು, ಮೂಗಿರಲಿಲ್ಲ. ನನಗೆ ಮೂಗಿತ್ತು, ಪಾಠ ಗೊತ್ತಿರಲಿಲ್ಲ. ಮೂಗು ಸತ್ತದ್ದು ಬಯಲಾದ ಮೇಲೆ ಕೆಲಸ ಹೋಯಿತು. ತಿಂಗಳು ಮುಗಿಯುವುದರೊಳಗೆ ಕೋಣೆ ಬಿಡಬೇಕು. ಬೇರೆ ಹೋಟೆಲುಗಳಲ್ಲಿ ಕೇಳಿದಳು. ಮೂಗಿಲ್ಲದವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬನ್ನಿ ಅನ್ನುತ್ತಾಳೆ ಖೈರೂನಬಿ. ಬಂದು ಏನು ಮಾಡುವುದು? ಅವರ ತೋಟವೂ ಅರ್ಧ ಸೈಟಾಗಿದೆ. ಕುಂತು ಎಲೆ ಆರಿಸಲು ನನಗೆ ಮೊಣಕಾಲಿಲ್ಲ, ಎಲೆ ಮೂಸಲು ಮಗಳಿಗೆ ಮೂಗಿಲ್ಲ. ಹಿರೇಕೆರೂರಿನಲ್ಲಿ ದೂರದ ಬಳಗದವರಿದ್ದಾರೆ. ಅವರಿಗೆ ನಾವು ಹೆಂಡದ ಹೋಟೆಲಿನವರು.

ಕೆಲಸ ಹೋದ ಸುದ್ದಿ ಕೇಳಿ ಖೈರೂನಬಿ ತಡೆಯಲಾರದೆ ಎಲೆ ಕಳಿಸಿದಳು. ನಿನ್ನೆ ಸಂಜೆ ಬಂತು. ಒದ್ದೆ ಗೋಣಿ ಬಿಚ್ಚಿ, ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿದೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ವೈನು ಉಗುಳುತ್ತಿದ್ದ ಅದೇ ಬಕೆಟ್ಟಿಗೆ ಉಗುಳಿದೆ.

ರೇಣುಕಾ ಗೋಣಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಿಡಿದಿದ್ದಳು.

“ಏನರ ಬಂತೇನ?” ಅಂದೆ.

“ಇಲ್ಲಬೇ. ನೀ ಹೇಳ. ಸವಣೂರ ವಾಸನಿ ಐತೇನ? ಇಲ್ಲಾ ಆ ಕೆಟ್ಟ ವೈನಿನ ವಾಸನೀನ?”

ಗೋಣಿ ಇಸಿದುಕೊಂಡು ಮೂಸಿದೆ. ಇನ್ನೊಮ್ಮೆ ಮೂಸಿದೆ.

“ಎರಡೂ ಒಂದ,” ಅಂದೆ.

ಅವಳು ಎದ್ದು ಹೋಗಿ ಟ್ರಂಕು ತುಂಬತೊಡಗಿದಳು. ಎಲೆ ಬಾಡಬಾರದೆಂದು ನಾನು ಗೋಣಿಯ ಮೇಲೆ ನೀರು ಚಿಮುಕಿಸಿದೆ. ಯಾರಿಗೆಂದು ನನಗೂ ಗೊತ್ತಿಲ್ಲ.