ಕಾವಿ ದಾರದ ಇನ್ನೊಂದು ತುದಿ

ಈ ವಾರ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೇನೆ. ನನ್ನ ಮೊಮ್ಮಗಳು ಕರೆಂಟಿನ ಗಿಟಾರು ಕೊಂಡು ತಂದಳು. ಅದರ ಕುತ್ತಿಗೆ ಸಡಿಲಾಗಿದೆ ಎಂದು ಬೇರೆ ಯಾರ ಹತ್ತಿರವೂ ಹೋಗದೆ, ಸೀದಾ ನನ್ನ ಮಂಚದ ಮೇಲೆ ಇಟ್ಟಳು. ಎಂಬತ್ತು ದಾಟಿದ ಬಡಿಗನಿಗೆ ಇನ್ನೇನು ಬೇಕು ಹೇಳಿ. ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ಹಾಲು ಹಾಕುವವನಿಗಂತೂ ಎರಡು ಸಲ. ಆ ಹಿಗ್ಗಿನಲ್ಲೇ, ಅರವತ್ತು ವರ್ಷಕ್ಕೆ ಹತ್ತಿರ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸಂಗತಿ ಅವಳ ಮುಂದೆ ಬಾಯಿಂದ ಬಂದುಬಿಟ್ಟಿತು. ಬರೆದಿಡು ಅಜ್ಜಾ ಎಂದು ಹಟ ಹಿಡಿದಳು. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಅವಳು ತಿದ್ದಿದ್ದಾಳೆ. ಸಂಗತಿಯನ್ನು ನಾನು ತಿದ್ದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಸತ್ತವರು ಬರುತ್ತಾರೆ, ಕೈ ಹಿಡಿಯುತ್ತಾರೆ ಎನ್ನುವ ಮಾತನ್ನು ನಾನು ನಂಬುವವನಾಗಿರಲಿಲ್ಲ. ಕಟ್ಟಿಗೆಯ ಕೆಲಸ ಮಾಡುವವನಿಗೆ ಅದು ಒಗ್ಗುವುದೂ ಇಲ್ಲ. ಬಾಗಿಲು ತಾನಾಗಿ ಕಿರುಗುಟ್ಟಿದರೆ ತಿರುಗಣಿ ಸವೆದಿರುತ್ತದೆ. ತೊಲೆ ಲಟ್ಟೆಂದರೆ ಹಸಿ ಕಟ್ಟಿಗೆ ಒಣಗುತ್ತಿರುತ್ತದೆ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ಹಟ ಬೇಕು ಅಷ್ಟೆ ಎಂದು ತಿಳಿದಿದ್ದೆ. ಈ ಒಂದಕ್ಕೆ ಮಾತ್ರ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ.

ಆಗ ನನಗೆ ಇಪ್ಪತ್ತೈದರ ಆಸುಪಾಸು. ಹುಕ್ಕೇರಿಯಲ್ಲಿ ರಸ್ತೆಯ ಕಡೆಗೆ ನಮ್ಮ ಅಂಗಡಿ, ಹಿಂದಿನ ಓಣಿಯಲ್ಲಿ ಮನೆ. ಅಪ್ಪ ತೀರಿ ಆರು ತಿಂಗಳಾಗಿತ್ತು. ಅಪ್ಪನ ಜೋಡಣೆ ಅಂದರೆ ಸುತ್ತಿನ ಹಳ್ಳಿಗಳಲ್ಲಿ ಹೆಸರು, ಅವನು ಕೂಡಿಸಿದ ಚೌಕಟ್ಟಿನ ಸಂದಿಗೆ ಕೂದಲು ಹೋಗುತ್ತಿರಲಿಲ್ಲ. ನನಗೆ ಮಾತ್ರ ಅವನು ತೂತು ಕೊರೆಯುವ ಬೈರಿಗೆ ಕೊಟ್ಟವನೇ ಅಲ್ಲ. ನನ್ನ ಕೆಲಸವೆಂದರೆ ದಾರ ಹಿಡಿಯುವುದು. ಗೆರೆ ಹೊಡೆಯಲು ಅವನು ಪೆನ್ಸಿಲ್ಲು ಮುಟ್ಟುತ್ತಿರಲಿಲ್ಲ. ದಾರವನ್ನು ಕೆಂಪು ಕಾವಿಯಲ್ಲಿ ಅದ್ದಿ, ಹಲಗೆಯ ಒಂದು ತುದಿಗೆ ನಾನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಇನ್ನೊಂದು ತುದಿಗೆ ಅವನು. ಆಮೇಲೆ ಅವನು ನಡುವೆ ದಾರವನ್ನು ಮೇಲಕ್ಕೆಳೆದು ಬಿಟ್ಟರೆ ಚಟ್ಟನೆ ಕೆಂಪು ಗೆರೆ ಬೀಳುತ್ತಿತ್ತು. ಅವನು ಹೋದ ಮೇಲೆ ದಾರದ ತುದಿ ಹಿಡಿಯುವವರಿಲ್ಲದೆ ನಾನು ಪೆನ್ಸಿಲ್ಲು ಹಿಡಿದೆ. ಕಾವಿಯ ಬಟ್ಟಲು ಗೂಡಿನಲ್ಲಿ ಒಣಗಿ ಬಿರುಕು ಬಿಟ್ಟು ಕುಳಿತಿತ್ತು. ದೊಡ್ಡ ಕೆಲಸಗಳೆಲ್ಲ ಬೇರೆಯವರ ಅಂಗಡಿಗೆ ಹೋಗತೊಡಗಿದವು. ಮಗನಿಗೆ ದಾರ ಹಿಡಿಯುವುದೊಂದೇ ಗೊತ್ತು ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬೀಳುತ್ತಿತ್ತು.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬಡಿಗರು ಉಳಿ, ಬಾಚಿ ಯಾವ ಹತಾರವನ್ನೂ ಮುಟ್ಟುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಇಟ್ಟಿದ್ದೆ. ಆಗ ಬಂದವನು ಪರಸಪ್ಪ. ನನ್ನದೇ ವಯಸ್ಸು, ಮೂಡಲಗಿಯ ಕಡೆಯವನು, ಮುಂಬಯಿಯಲ್ಲಿ ಕೂಲಿ ಮಾಡುತ್ತ ಯಾರದೋ ಹತ್ತಿರ ಕರೆಂಟಿನ ಗಿಟಾರು ಕಲಿತು, ಹಳೆಯದೊಂದನ್ನು ಕೊಂಡು ಊರಿಗೆ ಹೊರಟಿದ್ದ. ಬಸ್ಸಿನಲ್ಲಿ ತರಲಿಕ್ಕೆ ಸುಲಭವಾಗಲಿ ಎಂದು ಕುತ್ತಿಗೆಯನ್ನೂ ಹೊಟ್ಟೆಯನ್ನೂ ಬಿಚ್ಚಿ ಗೋಣಿತಟ್ಟಿನಲ್ಲಿ ಸುತ್ತಿಕೊಂಡಿದ್ದ. ಹತ್ತರಗಿಯಲ್ಲಿ ಇಳಿದು ಜೋಡಿಸಲು ನೋಡಿದರೆ ಸ್ಕ್ರೂಗಳು ಸುಮ್ಮನೆ ಗಿರಗಿರ ತಿರುಗಿದವು, ಒಂದೂ ಹಿಡಿಯಲಿಲ್ಲ. ಗಾಬರಿಯಾಗಿ ಚಹಾದ ಅಂಗಡಿಯಲ್ಲಿ, ಕುತ್ತಿಗೆ ಕಳಚಿದೆ, ಇಲ್ಲಿ ಯಾರು ಕೂಡಿಸುತ್ತಾರೆ ಎಂದು ಕೇಳಿದ್ದಾನೆ. ಅವರು ಪಾಪ ಯಾರಿಗೋ ಪೆಟ್ಟಾಗಿದೆ ಎಂದುಕೊಂಡು, ಎಲುಬು ಕೂಡಿಸುವ ಮುದುಕಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟಿದ್ದಾರೆ. ಆಕೆ ಎಣ್ಣೆ ಕಾಯಿಸಿ, ಚಾಪೆ ಹಾಸಿ ಕಾದಳಂತೆ. ಇವನು ಗೋಣಿತಟ್ಟು ಬಿಚ್ಚಿದಾಗ ಒಂದು ಗಳಿಗೆ ನೋಡಿ, "ಇದಕ ನನ್ನ ಎಣ್ಣಿ ನಡಿಯೂದಿಲ್ಲೋ ತಮ್ಮಾ, ಹುಕ್ಕೇರಿ ಬಡಿಗ್ಯಾರ ಕಡೆ ಹೋಗು" ಎಂದಳಂತೆ.

ಹುಕ್ಕೇರಿಯಲ್ಲಿ ಮೂರು ಅಂಗಡಿ ತಿರುಗಿ ನನ್ನಲ್ಲಿಗೆ ಬಂದಿದ್ದ. ಎಲ್ಲರೂ ಅಮಾವಾಸ್ಯೆ ಎಂದು ಕೈ ಅಲ್ಲಾಡಿಸಿದ್ದರು. ಆದರೆ ಅವನಿಗೆ ನಾಳೆ ಎನ್ನುವುದಿರಲಿಲ್ಲ. ಗೋಕಾಕದಲ್ಲಿ ಬಿಡಾರ ಹೂಡಿದ್ದ ಒಂದು ನಾಟಕ ಕಂಪನಿಯವರು ಅವನನ್ನು ಅವತ್ತು ಸಂಜೆಯ ಒಳಗೆ ವಾದ್ಯದ ಸಮೇತ ಬರಲು ಹೇಳಿದ್ದರು. ಬಾರಿಸಿ ತೋರಿಸಿದರೆ ತಿಂಗಳ ಪಗಾರದ ಕೆಲಸ. ಮರುದಿನ ಅವರು ಡೇರೆ ಕಿತ್ತು ಬೇರೆ ಊರಿಗೆ ಹೋಗುವವರು. ಇಷ್ಟನ್ನೂ ಅವನು ಬೇಡುವ ದನಿಯಲ್ಲಿ ಹೇಳಲಿಲ್ಲ. ಹೊಸ್ತಿಲ ಹೊರಗೆ ನೆಟ್ಟಗೆ ನಿಂತು ಹೇಳಿದ.

"ನಮ್ಮಪ್ಪ ಮದವಿಗಿ, ಸಾವಿಗಿ ಹಲಗಿ ಬಡಿತಿದ್ದರಿ. ಕರದವರ ಮನಿ ಹೊರಗ ನಿಂತು ಬಡದು ಬಡದು ಹ್ವಾದ. ನಾವೀಗ ಬುದ್ಧನ ಮಂದಿ ಆಗೇವಿ, ಹಲಗಿ ಇಳಿಸೇವಿ. ನಾ ಹೊರಗ ನಿಂತು ಬಡಿಯಾಂವ ಅಲ್ರಿ, ಒಳಗ ಕುಂತು ಬಾರಸಾಂವ."

ನನಗೆ ಆ ಮಾತು ನಾಟಿತು. ಒಳಗೆ ಬಾ ಎಂದೆ. ನನ್ನ ಹೊಟ್ಟೆಯಲ್ಲೂ ಒಂದು ಹಟ ಕುಳಿತಿತ್ತಲ್ಲ, ಅಪ್ಪನ ಅಂಗಡಿಯಲ್ಲಿ ಜೋಡಣೆ ಇನ್ನೂ ಸತ್ತಿಲ್ಲ ಎಂದು ತೋರಿಸಬೇಕಾಗಿತ್ತು. ಹತಾರದ ಮೇಲಿನ ಹೂ ತೆಗೆದಿಟ್ಟೆ. ಅವ್ವ ಬಂದು ನೋಡಿ ಬೇಡವೆಂದಳು, ನಾನು ಕೇಳಲಿಲ್ಲ.

ಅಂಥ ವಾದ್ಯವನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಹೊಟ್ಟೆ ಟೊಳ್ಳಲ್ಲ, ಗಟ್ಟಿ ಹಲಗೆ, ಹಾಲಿನ ಬಣ್ಣ. ಕುತ್ತಿಗೆ ಬಂದು ಕೂರಲು ಅದರಲ್ಲಿ ಒಂದು ಗುಳಿ, ಹಿಂದಿನಿಂದ ನಾಲ್ಕು ಸ್ಕ್ರೂ. ಕುತ್ತಿಗೆಯ ನಾಲ್ಕೂ ತೂತು ಸವೆದು ಹಿಟ್ಟಾಗಿದ್ದವು. ಗುಳಿಯ ಅಂಚೂ ಸವೆದು ಕುತ್ತಿಗೆ ಉಗುರಿನಷ್ಟು ಆಚೆ ಈಚೆ ಆಡುತ್ತಿತ್ತು. ಸಾಗವಾನಿಯ ಗೂಟ ಕೆತ್ತಿ, ಅಂಟು ಹಚ್ಚಿ ತೂತುಗಳನ್ನು ತುಂಬಿದೆ. ಇನ್ನು ಹೊಸ ತೂತು ಕೊರೆಯಬೇಕು, ಆ ಮೊದಲು ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸಲು ಹೊಟ್ಟೆಯ ಮೇಲೆ ನಡುಗೆರೆ ಬೇಕು. ಎರಡೂ ಅಂಚಿನಿಂದ ಅಳೆದು ನಡು ತೆಗೆದು ಪೆನ್ಸಿಲ್ಲಿನ ಗೆರೆ ಎಳೆದೆ. ಬಾಗಿಲಿಗೂ ಮಣೆಗೂ ನಡು ತೆಗೆಯುವುದು ಹಾಗೆಯೇ. ಅಂಟು ಹಿಡಿಯಲಿ ಎಂದು ಕುತ್ತಿಗೆಯನ್ನೂ ಹೊಟ್ಟೆಯನ್ನೂ ಕೆಲಸದ ಮಣೆಯ ಮೇಲೆ ಬಿಟ್ಟು, ಕೈಗೆ ಬೂದಿ ಹಚ್ಚಿ ತಿಕ್ಕಿ ತೊಳೆದು, ಅಂಗಡಿಗೆ ಕೀಲಿ ಹಾಕಿ ಪರಸಪ್ಪನನ್ನು ಊಟಕ್ಕೆ ಕರೆದುಕೊಂಡು ಹೋದೆ. ಅವನು ಅಂಗಳದಲ್ಲೇ ಕೂರಲು ಹೋದ. ಅವ್ವ ಎರಡೂ ತಾಟನ್ನು ಪಡಸಾಲೆಯಲ್ಲಿ ಜೋಡಿಯಾಗಿ ಇಟ್ಟಳು. ಊಟ ಮುಗಿಯುವವರೆಗೆ ನಮ್ಮ ಎದುರಿಗೇ ಕುಳಿತು ರೊಟ್ಟಿ ಹಾಕಿದಳು.

ತಿರುಗಿ ಬಂದು ಕೀಲಿ ತೆಗೆದೆ. ಗಿಟಾರಿನ ಹೊಟ್ಟೆಯ ಮೇಲೆ ಕೆಂಪು ಗೆರೆ ಇತ್ತು.

ಹಾಲಿನ ಬಣ್ಣದ ಮೇಲೆ ಕಾವಿಯ ಗೆರೆ, ಚಟ್ಟನೆ ಬಿದ್ದದ್ದು, ಎರಡೂ ಬದಿಗೆ ಸಣ್ಣ ತುಂತುರು. ನನ್ನ ಪೆನ್ಸಿಲ್ಲಿನ ಗೆರೆಯಿಂದ ಒಂದು ತುದಿಯಲ್ಲಿ ಉಗುರಿನಷ್ಟು ಸರಿದಿತ್ತು. ಬೆರಳಿಟ್ಟೆ, ಹಸಿ ಇತ್ತು. ಗೂಡಿನ ಬಟ್ಟಲು ನೋಡಿದೆ, ಬಿರುಕು ಬಿಟ್ಟಿದ್ದ ಕಾವಿ ಕಲಸಿದಂತೆ ಮೆತ್ತಗಾಗಿತ್ತು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಪರಸಪ್ಪನ ಕಡೆ ತಿರುಗಿದೆ. ಅವನಾದರೂ ನನ್ನ ಜೊತೆಯೇ ಉಂಡವನು. ಅವನು ಗೆರೆ ನೋಡಲಿಲ್ಲ, ನನ್ನ ಕೈ ನೋಡಿದ.

"ಬಡಿಗ್ಯಾರ, ನಿಮ್ಮ ಹೆಬ್ಬಟ್ಟಿಗೂ ಹತ್ತೇತಲ್ರಿ" ಎಂದ.

ನನ್ನ ಎಡಗೈ ಹೆಬ್ಬೆರಳು ಕೆಂಪಗಿತ್ತು. ಈಗಷ್ಟೇ ಗೆರೆ ಮುಟ್ಟಿದ್ದು ಬಲಗೈ ಬೆರಳಿನಿಂದ. ಎಡಗೈ ಹೆಬ್ಬೆರಳಿನ ಮೇಲೆ ದಾರ ಒತ್ತಿದ ಗುರುತು ಅಡ್ಡಕ್ಕೆ ಬಿದ್ದಿತ್ತು, ಅಪ್ಪನ ಕಾಲದಲ್ಲಿ ದಿನವೂ ಬೀಳುತ್ತಿತ್ತಲ್ಲ, ಹಾಗೆ.

ಮೂರು ಗಂಟೆಗೆ ಗೋಕಾಕದ ಬಸ್ಸು. ನಿಂತು ಯೋಚಿಸಲು ಹೊತ್ತಿರಲಿಲ್ಲ. ಎರಡು ಗೆರೆ, ಒಂದನ್ನು ಹಿಡಿಯಬೇಕು, ತಪ್ಪಿ ಕೊರೆದರೆ ತಿರುಗಿ ತೂತು ತುಂಬಿ ಅಂಟು ಒಣಗಿಸಲು ಬಿಡುವಿಲ್ಲ. ದಾರ ಹಿಡಿದು ಎರಡರಲ್ಲಿ ಯಾವುದು ಸರಿ ಎಂದು ಪರೀಕ್ಷಿಸುವ ಬುದ್ಧಿಯೂ ನನಗೆ ಬರಲಿಲ್ಲ. ಯಾರು ಎಳೆದದ್ದಾದರೂ ಇರಲಿ, ಆಗಲೇಬೇಕು ಇದು ಎಂದು ಹಲ್ಲು ಕಚ್ಚಿ ಕುತ್ತಿಗೆಯ ನಡುವನ್ನು ಕೆಂಪು ಗೆರೆಗೆ ಹೊಂದಿಸಿದೆ. ಪರಸಪ್ಪ ಒತ್ತಿ ಹಿಡಿದ, ನಾನು ಅಪ್ಪನ ಬೈರಿಗೆಯಿಂದ ನಾಲ್ಕು ತೂತು ಕೊರೆದೆ. ಸ್ಕ್ರೂ ಕಚ್ಚಿ ಕುಳಿತವು. ಅವನು ತಂತಿ ಏರಿಸಿದ. ಆರೂ ತಂತಿ ಕುತ್ತಿಗೆಯ ನಡುವೆ ನೆಟ್ಟಗೆ, ಎರಡೂ ಅಂಚಿಗೆ ಸರಿಸಮ ಬಿಟ್ಟು ಹರಿದವು. ಆಗ ನನಗೆ ತಿಳಿಯಿತು ನನ್ನ ತಪ್ಪು. ಆ ವಾದ್ಯದ ಎರಡು ಹೆಗಲು ಸಮ ಇರಲಿಲ್ಲ, ಒಂದು ಕಡೆ ಹೆಚ್ಚು ಕೊರೆದಿದ್ದರು. ಅಂಚಿನಿಂದ ಅಳೆದರೆ ನಡು ಸಿಗುವಂಥದ್ದೇ ಅಲ್ಲ ಅದು. ನನ್ನ ಗೆರೆ ಹಿಡಿದಿದ್ದರೆ ಕೆಳಗಿನ ತಂತಿ ಕುತ್ತಿಗೆಯಿಂದ ಜಾರಿ ಹೊರಗೆ ಬೀಳುತ್ತಿತ್ತು, ಪರಸಪ್ಪನೂ ಗೋಕಾಕದಲ್ಲಿ ಹೊರಗೇ ನಿಲ್ಲುತ್ತಿದ್ದ.

ಅಂಗಡಿಯಲ್ಲಿ ಕರೆಂಟಿರಲಿಲ್ಲ. ಅವನು ಬಾರಿಸಿದ್ದು ಸೊಳ್ಳೆಯ ದನಿಯಷ್ಟೇ ಕೇಳಿಸಿತು. ಅಷ್ಟರಲ್ಲೇ ಕಣ್ಣು ಒರೆಸಿಕೊಂಡು ಬಸ್ಸಿಗೆ ಓಡಿದ.

ತಿಂಗಳಾದ ಮೇಲೆ ಕರದಂಟಿನ ಪೊಟ್ಟಣ ಹಿಡಿದು ಬಂದ. ಕೆಲಸ ಸಿಕ್ಕಿತ್ತು, ಒಳಗೇ ಕೂರಿಸಿದ್ದರು. ಗಿಟಾರಿನ ಮೇಲೆ ಕೆಂಪು ಗೆರೆ ಮಾತ್ರ ಹಾಗೇ ಇತ್ತು, ಒರೆಸಲು ಮನಸ್ಸಾಗಲಿಲ್ಲ ಎಂದ. ಅವನು ಹೋದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಕರದಂಟು ಮುರಿಯುತ್ತ, "ನಿಮ್ಮಪ್ಪಗ ಅಮಾಸಿ ದಿನಾನ ಕೈ ಸುಮ್ಮ ಇರತಿದ್ದಿಲ್ಲ" ಎಂದಳು.

ಆಮೇಲೆ ನನಗೆ ಜೋಡಣೆಯ ಕೆಲಸಗಳು ಬಹಳ ಬಂದವು, ಅದರಲ್ಲೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದೆ. ಈ ವಾರ ಮೊಮ್ಮಗಳ ಗಿಟಾರಿಗೆ ಅಪ್ಪ ಹೋದ ಮೇಲೆ ಮುಟ್ಟದಿದ್ದ ಕಾವಿ ದಾರವನ್ನೇ ಹುಡುಕಿ ತೆಗೆದೆ. ಒಂದು ತುದಿ ಅವಳ ಕೈಗೆ ಕೊಟ್ಟು, ಹೆಬ್ಬೆರಳಿನಿಂದ ಒತ್ತು ಎಂದೆ. ಗೆರೆ ಬಿತ್ತು. ಅವಳು ತನ್ನ ಕೆಂಪು ಬೆರಳನ್ನು ಮನೆಯವರಿಗೆಲ್ಲ ತೋರಿಸಿಕೊಂಡು ನಕ್ಕಳು, ನಾನೂ ನಕ್ಕೆ.

ಅವಳು ಕೇಳಿದಳು, ಅಜ್ಜಾ, ನಿನಗೇ ನೆನಪಿಲ್ಲದೆ ನೀನೇ ಹೊಡೆದಿರಬೇಕಲ್ಲ ಆ ಗೆರೆ ಎಂದು. ಇರಬಹುದು, ಬೆರಳು ನನ್ನದೇ. ಒಂದು ತುದಿ ನಾನೇ ಹಿಡಿದಿದ್ದೆ ಎಂದೇ ಇಟ್ಟುಕೊಳ್ಳೋಣ. ಆದರೆ ಆ ದಾರಕ್ಕೆ ಇಬ್ಬರು ಬೇಕು.