ಬೆಂಗಳೂರಿಗೆ ಕಡ ಹೋದ ಸೇಮಿಗೆ ಮಣೆ

ಕುಳಿತುಕೊಳ್ಳುವುದಕ್ಕೆಂದೇ ಜನ್ಮ ತಾಳಿದ ಒಂದು ಸ್ಟೂಲಿನ ಮೇಲೆ ‘ದಯವಿಟ್ಟು ಕುಳಿತುಕೊಳ್ಳಬೇಡಿ’ ಎಂಬ ಫಲಕವನ್ನು ಕೂರಿಸಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಫಲಕ ಮಹಾರಾಜನ ಹಾಗೆ ಕುಳಿತಿತ್ತು. ಚಾರ್ಮಾಡಿ ಘಾಟಿಯ ಸಮಸ್ತ ತಿರುವುಗಳನ್ನೂ ಹೊಟ್ಟೆಯಲ್ಲಿ ಹೊತ್ತುಕೊಂಡು ಬೆಂಗಳೂರು ಮುಟ್ಟಿದ್ದ ನಾನು ನಿಂತಿದ್ದೆ. ನಾಗರಿಕತೆಯ ಅವನತಿ ಎಲ್ಲಿಂದ ಆರಂಭವಾಯಿತು ಎಂದು ಮುಂದೆ ಯಾರಾದರೂ ಸಂಶೋಧನೆಗೆ ಇಳಿಯುವುದಿದ್ದರೆ ಆ ಸ್ಟೂಲಿನಿಂದಲೇ ಇಳಿಯಲಿ.

ಅದೊಂದು ಸಮಕಾಲೀನ ಕರಕುಶಲ ಸಂಗ್ರಹಾಲಯ. ಸಂಗ್ರಹಾಲಯವೆಂದ ಕೂಡಲೇ ಆನೆ ನುಗ್ಗುವಷ್ಟು ದೊಡ್ಡ ಬಾಗಿಲು, ಒಳಗೊಂದು ತಿಮಿಂಗಿಲದ ಎಲುಬು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಮ್ಮ ಲಾಯಿಲದ ಹಾಲಿನ ಸೊಸೈಟಿಗಿಂತ ತುಸು ದೊಡ್ಡದಾದ ಒಂದು ಹಳೆಯ ಬಂಗಲೆ, ಗೋಡೆಗೆಲ್ಲ ಆಸ್ಪತ್ರೆಯ ಬಿಳುಪು, ಪ್ರತಿಯೊಂದು ವಸ್ತುವಿನ ಸುತ್ತಲೂ ಒಂದು ಎಕರೆ ಖಾಲಿ ಜಾಗ. ನಮ್ಮ ಮನೆಯಲ್ಲಿ ಸಾಮಾನು ಇಡಲು ಜಾಗವಿಲ್ಲ. ಇವರಲ್ಲಿ ಜಾಗದಲ್ಲಿ ಇಡಲು ಸಾಮಾನಿಲ್ಲ. ಗಂಜಿ ಬಸಿಯುವ ಬೆತ್ತದ ಕುಡುಪೊಂದು ಗೋಡೆಗೆ ನೇತುಬಿದ್ದು ಧ್ಯಾನಸ್ಥವಾಗಿತ್ತು. ಗದ್ದೆ ಕೆಲಸದವರು ತಲೆಗಿಡುವ ಅಡಿಕೆ ಹಾಳೆಯ ಟೊಪ್ಪಿ ಇದೆಯಲ್ಲ, ಮುಟ್ಟಾಳೆ, ಅದರೊಳಗೆ ಬಲ್ಬು ಉರಿಸಿ ಚಾವಣಿಗೆ ತೂಗುಹಾಕಿದ್ದರು. ನಮ್ಮ ಹಿರಿಯರ ತಲೆಯೊಳಗೆ ಅಷ್ಟು ಬೆಳಕು ಇರಲಿಲ್ಲ ಎಂಬುದು ನಿಜವೇ ಇರಬಹುದು. ಆದರೂ ಅದನ್ನು ಹೀಗೆ ಸಾರ್ವಜನಿಕವಾಗಿ ಎತ್ತಿ ತೋರಿಸುವ ಅಗತ್ಯವಿರಲಿಲ್ಲ.

ನಾವು ಅಲ್ಲಿಗೆ ಹೋದದ್ದು ಕಲಾಭಿರುಚಿ ಉಕ್ಕಿ ಹರಿದು ಅಲ್ಲ. ಅಜ್ಜಿಯ ಸೇಮಿಗೆ ಮಣೆಯನ್ನು ವಾಪಸು ತರುವುದಕ್ಕೆ.

ಸೇಮಿಗೆ ಮಣೆಯೆಂದರೆ ಅಕ್ಕಿಹಿಟ್ಟಿನ ಬೇಯಿಸಿದ ಉಂಡೆಯನ್ನು ಬಿಸಿಬಿಸಿಯಾಗಿಯೇ ಒತ್ತಿ ನೂಲುನೂಲಾಗಿ ಇಳಿಸುವ ಹಲಸಿನ ಮರದ ಸಾಧನ. ಗಟ್ಟಿ ಕಾಲುಗಳು, ನಡುವೆ ಹಿತ್ತಾಳೆಯ ಅಚ್ಚು ಕೂರಿಸಿದ ಗುಂಡಿ, ಮೇಲೊಂದು ಉದ್ದನೆಯ ಹಿಡಿ. ಒಬ್ಬರು ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಿ ನೇತಾಡಬೇಕು, ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿದು ಬೈಯಬೇಕು. ಬೈಗುಳವಿಲ್ಲದೆ ಸೇಮಿಗೆ ಸರಾಗವಾಗಿ ಇಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಪಾಕಶಾಸ್ತ್ರ.

ಈ ಮಣೆಗೆ ಒಂದು ವೈಶಿಷ್ಟ್ಯವಿತ್ತು: ಅದಕ್ಕೆ ಮನೆಯಿರಲಿಲ್ಲ. ಮಾಡಿಸಿದವರು ಅಜ್ಜಿಯೇ ಆದರೂ ನಮ್ಮ ಮನೆಯಲ್ಲಿ ಅದನ್ನು ನಾನು ಕಂಡದ್ದು ದುಬಾಯಿಯ ಚಿಕ್ಕಪ್ಪನನ್ನು ಕಂಡಷ್ಟೇ ಅಪರೂಪ. ಬೇಕಾದವರು, ಕೊನೆಯದಾಗಿ ಸೇಮಿಗೆ ಒತ್ತಿದವರ ಮನೆಗೆ ಹೋಗಿ ಕೇಳಬೇಕು. ಕೇಳಿದರೆ ಅವರು ಇಲ್ಲವೆನ್ನುವ ಹಾಗಿಲ್ಲ. ಮುಂದಿನವರು ಕೇಳಿಕೊಂಡು ಬರುವ ತನಕ ಅದು ಅಲ್ಲೇ ಠಿಕಾಣಿ. ಹೀಗೆ ಅದು ಲಾಯಿಲದಿಂದ ನೆರಿಯಕ್ಕೆ, ನೆರಿಯದಿಂದ ಮಿಜಾರಿನ ನೆಂಟರಲ್ಲಿಗೆ, ಅಲ್ಲಿಂದ ಬಂಟ್ವಾಳಕ್ಕೆ ಜೀಪು, ರಿಕ್ಷಾಗಳಲ್ಲಿ ಸಂಚರಿಸಿದೆ. ಒಮ್ಮೆ ದಿಬ್ಬಣದ ಬಸ್ಸಿನಲ್ಲಿ ಮದುಮಗನ ಪಕ್ಕದ ಸೀಟಿನಲ್ಲೂ ಕುಳಿತು, ಫೋಟೋದಲ್ಲಿ ಮದುಮಗನಿಗಿಂತ ಗಂಭೀರವಾಗಿ ಬಿದ್ದಿದೆ.

ಕಳೆದ ವರ್ಷ, ಅಪರೂಪಕ್ಕೆ ಅದು ನಮ್ಮಲ್ಲಿದ್ದಾಗ, ಕುತ್ತಿಗೆಗೆ ಕ್ಯಾಮರಾ ಹಾಕಿಕೊಂಡು ತನ್ವಿ ಎಂಬ ಯುವತಿ ಬಂದಳು. ಬೆಂಗಳೂರಿನ ಆ ಸಂಗ್ರಹಾಲಯವನ್ನು ನೋಡಿಕೊಳ್ಳುವವಳು. “ಅಜ್ಜಿ, ಇದನ್ನ ನಾವು ತಗೊಂಡು ಹೋಗ್ಬಹುದಾ?” ಎಂದು ಕೇಳಿದಳು. ಜನ್ಮಾರಭ್ಯ ಕೇಳಿದ್ದ ಆ ಪ್ರಶ್ನೆಗೆ ಅಜ್ಜಿ ಜನ್ಮಾರಭ್ಯ ಕೊಟ್ಟ ಉತ್ತರವನ್ನೇ ಕೊಟ್ಟರು: “ಕೊಂಡೋಗು ಮಗಾ, ಅದಕ್ಕೆಂತ ಕೇಳುವುದು?” ಬೆಳ್ತಿಗೆ ಅಕ್ಕಿಯನ್ನೇ ನೆನೆಹಾಕು, ಕುಚ್ಚಲಕ್ಕಿ ಬೇಡ ಎಂದು ಬುದ್ಧಿಯನ್ನೂ ಹೇಳಿದರು. ತನ್ವಿಯ ಕಣ್ಣು ತುಂಬಿ ಬಂತು. ಅಜ್ಜಿಗೆ ಒಂದು ಶಾಲು ಹೊದೆಸಿ, ಕಾಲಿಗೆ ಬಿದ್ದು, ಮಣೆಯನ್ನು ಕಾರಿಗೇರಿಸಿದಳು. ನಾಲ್ಕು ಉಂಡೆ ಸೇಮಿಗೆಗೆ ಇಷ್ಟು ಉಪಚಾರ ಜಾಸ್ತಿಯಾಯಿತು ಎಂದು ಅಜ್ಜಿಗೆ ಅನಿಸಿದರೂ ಬೆಂಗಳೂರಿನವರ ಪದ್ಧತಿ ಹಾಗಿರಬೇಕೆಂದು ಸುಮ್ಮನಾದರು.

ಆಮೇಲೆ ಅಜ್ಜಿ ಕಾದರು. ಊರೂ ಕಾಯಿತು. ಕೇಳಿಕೊಂಡು ಬಂದವರಿಗೆಲ್ಲ ‘ಬೆಂಗಳೂರಿಗೆ ಹೋಗಿದೆ, ಬರ್ತದೆ’ ಎಂಬ ಉತ್ತರ ಕೊಟ್ಟು ಕೊಟ್ಟು ಅಜ್ಜಿಯ ದನಿ ಸಣ್ಣದಾಯಿತು. ಪಕ್ಕದ ಮನೆಯ ವಾರಿಜಕ್ಕ ಹಾಲಿನ ಸೊಸೈಟಿಯಲ್ಲಿ, ಹಾಲಿನ ಗಟ್ಟಿತನದ ಡಿಗ್ರಿ ನೋಡುವ ಸಾಲು ಅತ್ಯಂತ ಉದ್ದವಾಗಿದ್ದ ಹೊತ್ತು ನೋಡಿ, “ದೊಡ್ಡಮ್ಮ ಊರಿನ ಮಣೆಯನ್ನು ಒಂದು ಶಾಲಿಗೆ ಕೊಟ್ಟುಬಿಟ್ರಂತೆ ಮಾರಾಯ್ರೆ” ಎಂದರು. ಅಂದಿನಿಂದ ಅಜ್ಜಿ ಸೊಸೈಟಿಗೆ ಹೋಗುವುದನ್ನು ಬಿಟ್ಟರು. ಕಾಲು ನೋವು ಎಂದರು. ಹಾಲಿನ ಕ್ಯಾನು ನನ್ನ ಕೈಗೆ ಬಂತು. ತಾಲೂಕು ಮಟ್ಟದ ಭಾಷಣ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನಿತೆಯಾದ, ಸೆಕೆಂಡ್ ಪಿಯುಸಿಯಂಥ ಪ್ರಳಯಾಂತಕ ತರಗತಿಯಲ್ಲಿ ಓದುತ್ತಿರುವ ನಾನು, ಪ್ರತಿ ಮುಂಜಾನೆ ಕ್ಯಾನು ಹಿಡಿದು “ಶಾಲಿನ ಪುಳ್ಳಿ ಬಂದಳು” ಎಂಬ ಸ್ವಾಗತ ಕೇಳಬೇಕಾಯಿತು. ಪುಳ್ಳಿಯೆಂದರೆ ನಮ್ಮ ಕಡೆ ಮೊಮ್ಮಗಳು. ನನ್ನ ಸಿಟ್ಟು ನಿಮಗೀಗ ಅರ್ಥವಾಗಿರಬಹುದು.

ವಿಧಿಯ ವಿನೋದ ನೋಡಿ: ಬರುವ ಭಾನುವಾರ ಮಣೆ ಬೇಕಾದದ್ದು ಅದೇ ವಾರಿಜಕ್ಕನಿಗೆ. ಹೊಸ ಅಳಿಯ ಮೊದಲ ಸಲ ಊಟಕ್ಕೆ ಬರುವವನಿದ್ದ. ಕೋಳಿ ಸಾರಿಗೆ ಸೇಮಿಗೆಯಿಲ್ಲದೆ ಅಳಿಯನ ಮುಖ ನೋಡುವುದು ಹೇಗೆ? “ದೊಡ್ಡಮ್ಮನ ಹತ್ರ ಕೇಳಿ ಪ್ರಯೋಜನ ಇಲ್ಲ, ಅವರು ಸನ್ಮಾನಿತರು” ಎಂದು ಬೇಲಿಯಾಚೆಯಿಂದ ಹೇಳಿದ್ದು ಅಜ್ಜಿಯ ಕಿವಿಗೆ ಸ್ಪಷ್ಟವಾಗಿ ಬಿತ್ತು, ಬೀಳಲೆಂದೇ ಹೇಳಿದ್ದರಿಂದ. ಅಜ್ಜಿ ನನ್ನ ಮಾವನಿಗೆ ಕಾರು ತೆಗೆಯಲು ಹೇಳಿದರು.

ಘಾಟಿಯುದ್ದಕ್ಕೂ ನಾನು ಒಂದು ಭಾಷಣ ಸಿದ್ಧಪಡಿಸಿದೆ. ‘ಸಾಂಸ್ಕೃತಿಕ ಅಪಹರಣ’ ಎಂಬ ಪದ ಅದರಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಸಂಗ್ರಹಾಲಯದೊಳಗೆ, ಮೇಲಿನಿಂದ ದೀಪ ಬಿಟ್ಟು, ಸುತ್ತ ಹಗ್ಗ ಕಟ್ಟಿ, ದೇವರಂತೆ ನಿಲ್ಲಿಸಿದ್ದ ನಮ್ಮ ಮಣೆಯನ್ನೂ ಅದರ ಪಕ್ಕದ ಬರಹವನ್ನೂ ಕಂಡಾಗ ಭಾಷಣಕ್ಕೆ ರೆಕ್ಕೆ ಬಂತು. ‘ಒತ್ತಡ ಮತ್ತು ಬಿಡುಗಡೆಯ ನಡುವಿನ ಸಂವಾದ. ಅಜ್ಞಾತ ಕುಶಲಕರ್ಮಿ. ಕೊಡುಗೆ: ಲಾಯಿಲದ ಹಿರಿಯ ಮಹಿಳೆ’ ಎಂದು ಬರೆದಿದ್ದರು. ಅಜ್ಞಾತ! ಅದನ್ನು ಮಾಡಿಕೊಟ್ಟ ನೆರಿಯದ ಓಬಯ್ಯಾಚಾರಿಯವರು ಅಜ್ಞಾತರೇ? ಅವರು ಪ್ರತಿ ಮದುವೆಯಲ್ಲೂ ಮೊದಲ ಪಂಕ್ತಿಯಲ್ಲೇ ಸಿಗುತ್ತಾರೆ, ಸಿಕ್ಕರೆ ಬಿಡುವುದಿಲ್ಲ. ಅವರನ್ನು ತಪ್ಪಿಸಿಕೊಳ್ಳುವುದೇ ಕಷ್ಟ. ನಾನು ಹತ್ತಿರದಲ್ಲಿ ಸಿಕ್ಕ ಸೆಕ್ಯುರಿಟಿಯವರನ್ನು ಹಿಡಿದು ಭಾಷಣವನ್ನು ಆರೋಹಣ ಅವರೋಹಣ ಸಹಿತ ಒಪ್ಪಿಸಿದೆ. ಅವರು ಗಂಭೀರವಾಗಿ ತಲೆದೂಗಿ, ಪೂರ್ತಿ ಕೇಳಿ, “ಟಾಯ್ಲೆಟ್ ಆ ಕಡೆ ಇದೆ ಮೇಡಂ” ಎಂದರು.

ಅಷ್ಟರಲ್ಲಿ ಅಜ್ಜಿಯನ್ನು ಕಂಡ ತನ್ವಿ ಓಡಿ ಬಂದು ಕಾಲಿಗೆ ಬಿದ್ದಿದ್ದಳು. ಅಜ್ಜಿ ಅವಳ ತಲೆ ಸವರಿ, ಮನೆಮಾತು ತುಳುವನ್ನು ಬದಿಗಿಟ್ಟು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಕೇಳಿದರು:

“ಸೇಮಿಗೆ ಒಳ್ಳೆದಾಯ್ತಾ ಮಗಾ?”

“ಯಾವ ಸೇಮಿಗೆ ಅಜ್ಜಿ?”

“ನೀನು ಒತ್ತಿದ್ದು.”

“ಇಲ್ಲ ಅಜ್ಜಿ, ಇದರಲ್ಲಿ ಒತ್ತಲ್ಲ ನಾವು. ಜನ ಬಂದು ನೋಡ್ತಾರೆ.”

“ಎಂತ ನೋಡ್ತಾರೆ?”

“ಇದನ್ನೇ.”

ಅಜ್ಜಿ ಮಣೆಯನ್ನು ನೋಡಿದರು, ಹಗ್ಗವನ್ನು ನೋಡಿದರು, ದೀಪವನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. “ಇಷ್ಟು ಸಮಯ ಒಂದು ಸಲವೂ ಒತ್ತಲಿಲ್ಲವಾ? ಅಯ್ಯೋ ದೇವರೇ! ಒತ್ತಲಿಕ್ಕೆ ಜನ ಇಲ್ಲದಿದ್ರೆ ಒಂದು ಫೋನ್ ಮಾಡ್ಬೇಕಲ್ವಾ ಮಗಾ?”

ತನ್ವಿಗೆ ಆಗ ಏನೋ ಹೊಳೆಯತೊಡಗಿತು. “ಅಜ್ಜಿ, ಇದು ನೀವು ನಮಗೆ ಕೊಟ್ಟಿದ್ದಲ್ವಾ?”

“ಕೊಟ್ಟದ್ದೇ. ಈಗ ನಿನ್ನ ಮನೆಯಲ್ಲಿ ಉಂಟು. ಬರುವ ಭಾನುವಾರ ವಾರಿಜನ ಅಳಿಯ ಬರ್ತಾನೆ, ಅವಳಿಗೆ ಬೇಕು. ಹಾಗೆ ಕೇಳ್ಲಿಕ್ಕೆ ಬಂದದ್ದು.”

ಇಂಥ ನ್ಯಾಯಕ್ಕೆ ಎದುರು ಹೇಳುವ ವಿದ್ಯೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲವೆಂದು ತೋರುತ್ತದೆ. ತನ್ವಿ ಮಾಳಿಗೆಗೆ ಹೋಗಿ ಯಾರಿಗೋ ಬಹಳ ಹೊತ್ತು ಫೋನು ಮಾಡಿದಳು. ಇಳಿದು ಬಂದು ತೀರ್ಪು ಹೇಳಿದಳು: ವಾಪಸು ಕೊಡುವ ಹಾಗಿಲ್ಲ, ಆದರೆ ಕೆಲವು ದಿನಕ್ಕೆ ಎರವಲು ಕೊಡಬಹುದು, ಜೊತೆಗೆ ಸಂಗ್ರಹಾಲಯದವರೊಬ್ಬರು ಕಾವಲಿಗೆ ಬರಬೇಕು, ನೀರು, ಎಣ್ಣೆ, ಬಿಸಿ ತಾಗಿಸಬಾರದು. ನಮ್ಮ ಮಣೆ ನಮಗೇ ಎರವಲು! ಸೇಮಿಗೆಯೆಂದರೇ ನೀರು, ಎಣ್ಣೆ ಮತ್ತು ಬಿಸಿ. ಅವನ್ನು ಬಿಟ್ಟರೆ ಉಳಿಯುವುದು ಅಕ್ಕಿ, ಅದನ್ನು ಕೋಳಿಯೂ ತಿನ್ನುತ್ತದೆ. ನಾನು ‘ಸಾಂಸ್ಕೃತಿಕ ಅಪಹರಣ’ವನ್ನು ಮೊದಲಿನಿಂದ ಆರಂಭಿಸಿದೆ. “ಕೊಡ್ತಾಳಲ್ಲ, ಸಾಕು. ನೀನು ಬಾಯಿ ಮುಚ್ಚು ಪುಳ್ಳಿ” ಎಂದರು ಅಜ್ಜಿ. ತನ್ವಿಯ ಷರತ್ತಿಗೆ, ಡಾಕ್ಟರು ಸಕ್ಕರೆ ಬಿಡಿ ಎಂದಾಗ ಹೇಳುವ ದನಿಯಲ್ಲೇ, “ಆಯ್ತಾಯ್ತು” ಎಂದರು.

ಹೀಗೆ ನಾವು ಮರಳಿ ಹೊರಟೆವು. ಕಿಟಕಿಯ ಪಕ್ಕದ ಸೀಟು ಮಣೆಗೆ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು ಸುತ್ತಿಸಿಕೊಂಡು, ಬೆಲ್ಟು ಬಿಗಿಸಿಕೊಂಡು ಅದು ಘಾಟಿಯ ಸೌಂದರ್ಯ ಸವಿಯಿತು. ಅದರ ಪಕ್ಕದಲ್ಲಿ ಕಾವಲುಗಾರ್ತಿ ತನ್ವಿ. ಮನುಷ್ಯಳಾಗಿ ಹುಟ್ಟಿದ ತಪ್ಪಿಗೆ ನಾನು ಚೀಲಗಳ ನಡುವೆ ಮಡಚಿಕೊಂಡು, ಪ್ರತಿ ತಿರುವಿನಲ್ಲೂ ಆ ಗುಳ್ಳೆಗಳನ್ನು ಗುಟ್ಟಾಗಿ ಒಡೆದು ಸೇಡು ತೀರಿಸಿಕೊಂಡೆ.

ಭಾನುವಾರ ವಾರಿಜಕ್ಕನ ಅಡುಗೆಮನೆಯಲ್ಲಿ ಸೊಸೈಟಿಯ ಸಾಲು ಪೂರ್ತಿ ಜಮಾಯಿಸಿತ್ತು. ಅಳಿಯನನ್ನು ನೋಡುವ ನೆಪ, ಮಣೆಯನ್ನು ನೋಡುವ ಉದ್ದೇಶ. ಒಲೆಯ ಮೇಲೆ ಉಂಡೆ ಬೇಯುತ್ತಿತ್ತು. ತನ್ವಿ ಬಿಳಿ ಕೈಗವಸು ತೊಟ್ಟು ಮಣೆಯ ಪಕ್ಕ ನಿಂತಿದ್ದಳು, ಶಸ್ತ್ರಚಿಕಿತ್ಸೆಗೆ ಬಂದವಳ ಹಾಗೆ.

“ಯಾರು ಮಗಾ ಇವಳು, ನರ್ಸಾ?” ಎಂದು ಯಾರೋ ಕೇಳಿದರು.

“ನಿಂತ್ಕೊಂಡು ಎಂತ ಮಾಡ್ತಿ? ಒತ್ತು. ನನ್ನ ಸೊಂಟ ಆಗುದಿಲ್ಲ” ಎಂದು ವಾರಿಜಕ್ಕ ಮೊದಲ ಉಂಡೆಯನ್ನು ಗುಂಡಿಗೆ ಹಾಕಿಯೇಬಿಟ್ಟರು. ಉಂಡೆ ಆರಿದರೆ ಕಲ್ಲು, ಆಲೋಚನೆಗೆ ಅವಕಾಶವಿಲ್ಲ. ತನ್ವಿ ಹಿಡಿಗೆ ಜೋತುಬಿದ್ದಳು. ನೀರು, ಎಣ್ಣೆ, ಬಿಸಿ, ಮೂರೂ ಒಟ್ಟಿಗೆ ತಾಗಿದವು. ಅವಳ ಕಾಲು ನೆಲ ಬಿಟ್ಟಿತು, ಕೈಗವಸು ಹಿಟ್ಟಾಯಿತು, ಕೆಳಗಿನಿಂದ ವಾರಿಜಕ್ಕ ಶಾಸ್ತ್ರೋಕ್ತವಾಗಿ ಬೈದರು, ಸೇಮಿಗೆ ಜಲಪಾತದಂತೆ ಇಳಿಯಿತು. ಅವಳು ಹಾಗೆ ಅಂತರಿಕ್ಷದಲ್ಲಿರುವಾಗಲೇ ವಾರಿಜಕ್ಕ ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಹೌದಾ ಮಗಾ, ನೀವು ಇದನ್ನು ಶಾಲು ಕೊಟ್ಟು ತಕ್ಕೊಂಡದ್ದಂತೆ ಅಲ್ವಾ?”

ಅಜ್ಜಿ ಒಲೆಯ ಕಡೆ ತಿರುಗಿ, ಚೆನ್ನಾಗಿಯೇ ಉರಿಯುತ್ತಿದ್ದ ಕೆಂಡವನ್ನು ಕೆದಕಿದರು. ಬೆಂಗಳೂರಿನ ಆ ಬಿಳಿಗೋಡೆಯ ಮೇಲೆ ‘ಕೊಡುಗೆ’ ಎಂದು ಬರೆಸಿದವಳು ಇವಳೇ. ಅದನ್ನೇ ಇಲ್ಲಿ ಹೇಳಿದರೆ ಅಜ್ಜಿಯ ಕಾಲು ನೋವು ಈ ಜನ್ಮದಲ್ಲಿ ವಾಸಿಯಾಗುವುದಿಲ್ಲ.

ತನ್ವಿ ಅಜ್ಜಿಯ ಬೆನ್ನನ್ನೇ ನೋಡಿದಳು. “ಅಲ್ಲ ಆಂಟಿ,” ಎಂದಳು ಏದುಸಿರು ಬಿಡುತ್ತ, “ಕಡ ತಗೊಂಡಿದ್ದು. ವಾಪಸ್ ಕೊಡೋದು ನಾನು ತುಂಬ ಲೇಟ್ ಮಾಡ್ಬಿಟ್ಟೆ.”

ಅಜ್ಜಿ ತಿರುಗಿದರು. “ಎಲೆ ಸರಿ ಹಿಡಿ ವಾರಿಜ,” ಎಂದರು, “ಸೇಮಿಗೆ ನೆಲಕ್ಕೆ ಬೀಳ್ತದೆ.”

ಆಡಿದ ಮಾತಿಗೆ ತಪ್ಪಲಾಗದು. ಕಡ ಎಂದು ಹತ್ತು ಜನರ ಮುಂದೆ ಒಪ್ಪಿಕೊಂಡವಳು ಅದನ್ನು ಮತ್ತೆ ಕಾರಿಗೇರಿಸುವುದು ಹೇಗೆ? ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಿಜಾರಿನ ನೆಂಟರು ರಿಕ್ಷಾ ತಂದು ಅಂಗಳದಲ್ಲಿ ನಿಲ್ಲಿಸಿಯಾಗಿತ್ತು. ಅವರಿಗೆ ಮಗುವಿನ ತೊಟ್ಟಿಲ ಕಾರ್ಯಕ್ಕೆ ಬೇಕಂತೆ. ಮಣೆಯ ಒಂದು ಕಡೆಯನ್ನು ಹಿಡಿದು ರಿಕ್ಷಾಕ್ಕೆ ಏರಿಸಿದವಳು ತನ್ವಿಯೇ. ಅಂದು ಮಾಳಿಗೆಗೆ ಹೋಗಿ ಫೋನು ಮಾಡಿದ್ದಳಲ್ಲ, ಅವರಿಗೆ ಅವಳು ಅಂಗಳದ ತುದಿಗೆ ಹೋಗಿ ಫೋನಿನಲ್ಲಿ ಏನು ಹೇಳಿದಳೋ ಕೇಳಿಸಲಿಲ್ಲ. “ನೀವೇ ಬಂದು ಕೇಳಿ ನೋಡಿ” ಎಂಬ ಕೊನೆಯ ಮಾತು ಮಾತ್ರ ಕೇಳಿಸಿತು. ಮರುದಿನ ಬೆಳಿಗ್ಗೆ ಅಜ್ಜಿ ಹಾಲಿನ ಕ್ಯಾನನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಸೊಸೈಟಿಗೆ ನಡೆದರು, ಕಾಲುನೋವು ಇದ್ದ ಕಾಲಿನಲ್ಲೇ, ನನಗಿಂತ ವೇಗವಾಗಿ.

ಕಥೆ ಇಲ್ಲಿ ಮುಗಿದಿದ್ದರೆ ನಾನು ಸಿಟ್ಟನ್ನು ಬಿಟ್ಟುಬಿಡುತ್ತಿದ್ದೆ. ಆದರೆ ತನ್ವಿ ಬಸ್ಸು ಹತ್ತುವಾಗ ಅಜ್ಜಿ ಅವಳಿಗೆ ಸೇಮಿಗೆ ತುಂಬಿಸಿಕೊಟ್ಟ ಸ್ಟೀಲಿನ ಡಬ್ಬ ನನ್ನದು. ನಾನು ಕಾಲೇಜಿಗೆ ಬುತ್ತಿ ಒಯ್ಯುವ, ಮುಚ್ಚಳ ಸೋರದ, ಮನೆಯಲ್ಲಿರುವ ಏಕೈಕ ಸಭ್ಯ ಡಬ್ಬ. “ಕಡ ಕೊಟ್ಟದ್ದು ಮಗಾ, ನೆನಪುಂಟಲ್ಲ?” ಎಂದರು ಅಜ್ಜಿ. “ಗೊತ್ತಾಯ್ತು ಅಜ್ಜಿ” ಎಂದು ಅವಳು ನಕ್ಕಳು. ತಿಂಗಳಾದರೂ ಡಬ್ಬದ ಸುದ್ದಿಯಿಲ್ಲ. ನಿನ್ನೆ ನಾನೇ ಫೋನು ಮಾಡಿ, ಅದಕ್ಕೂ ದೀಪ ಬಿಟ್ಟು ಹಗ್ಗ ಕಟ್ಟಿದ್ದೀರಾ ಎಂದು ಕೇಳಿದೆ.

“ಅಯ್ಯೋ ಇಲ್ಲ ಕಣೇ,” ಎಂದಳು ತನ್ವಿ, “ಸೆಕ್ಯುರಿಟಿ ಅಣ್ಣಂಗೆ ಚಿತ್ರಾನ್ನ ಹಾಕಿ ಕೊಟ್ಟೆ, ಅವರು ಅವರ ಮನೆ ಓನರ್ ಆಂಟಿಗೆ ಏನೋ ಹಾಕಿ ಕೊಟ್ರಂತೆ. ಈಗ ಆ ಆಂಟಿ ಮನೇಲಿದೆ. ನಿಂಗೆ ಬೇಕಂದ್ರೆ ಹೋಗಿ ಕೇಳು, ಕೊಡ್ತಾರೆ.”

ಅಜ್ಜಿಗೆ ದೂರು ಕೊಟ್ಟೆ. “ಹುಷಾರಿ ಹುಡುಗಿ, ಬೇಗ ಕಲಿತಳು” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ನಾನೀಗ ಐಸ್‌ಕ್ರೀಮಿನ ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅನ್ನ ಸಾರು ಒಯ್ಯುತ್ತಿದ್ದೇನೆ. ಅದು ಸೋರುತ್ತದೆ.